ಕಾವಿಗೆ ಕೂತ ಬಾತುಕೋಳಿಗೆ ಅಡಿಕೆ ದಬ್ಬೆಯ ಪಂಜರ

ಗೋವಾದ ಪೋಂಡಾ ತಾಲ್ಲೂಕಿನಲ್ಲಿ ನಾವು ಬಾಡಿಗೆಗಿರುವ ಮನೆಯ ಹಿಂದೆ, ಚಿರೆಕಲ್ಲಿನ ಕಂಪೌಂಡು ಗೋಡೆಯ ಒಳಗೆ, ಏಳು ತೆಂಗಿನ ಮರಗಳೂ ಒಂದು ಬಾವಿಯೂ ಇರುವ ಹಿತ್ತಿಲಿದೆ. ಮೂರು ವರ್ಷಗಳ ಹಿಂದೆ ಅಲ್ಲಿಗೆ ಮೂರು ಹೆಣ್ಣು, ಒಂದು ಗಂಡು ಮಸ್ಕೋವಿ ಬಾತುಕೋಳಿಗಳನ್ನು ತಂದು ಬಿಟ್ಟೆವು. ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅವು ಮೂವತ್ತೊಂದಾಗಿದ್ದವು. ಬಾವಿಕಟ್ಟೆಯ ಸುತ್ತ ಕಾಲಿಡಲು ಒಣ ಜಾಗವಿರಲಿಲ್ಲ, ಹೆಣ್ಣುಗಳ ಕತ್ತಿನ ಹಿಂಭಾಗದ ಗರಿಗಳು ಗಂಡುಗಳ ಹಿಡಿತಕ್ಕೆ ಸಿಕ್ಕಿ ಕಿತ್ತುಹೋಗಿದ್ದವು, ರಾತ್ರಿಯ ಗೂಡಿನಲ್ಲಿ ಅರ್ಧದಷ್ಟು ಹಕ್ಕಿಗಳು ಹೊರಗೇ ಉಳಿಯುತ್ತಿದ್ದವು. ಕೆಲವನ್ನು ಕೊಟ್ಟು, ಕೆಲವನ್ನು ಅಡುಗೆಗೆ ಬಳಸಿ, ಆರಕ್ಕೆ ಇಳಿಸಿದ ಮೇಲೆ ಮತ್ತೊಮ್ಮೆ ಆ ಸ್ಥಿತಿಗೆ ಹೋಗಬಾರದೆಂದು ನಿಶ್ಚಯಿಸಿ, ಕಾವಿಗೆ ಕೂತ ಹಕ್ಕಿಯ ಕಾವು ಬಿಡಿಸುವ ಪಂಜರವೊಂದನ್ನು ಕಟ್ಟಲು ತೊಡಗಿದೆ. ಅದು ಮೂರನೆಯ ಪ್ರಯತ್ನದಲ್ಲಿ ಸರಿಹೋಯಿತು. ಎಲ್ಲಿ ತಪ್ಪಿತು, ಯಾವ ಅಳತೆ ಕೊನೆಗೆ ಉಳಿಯಿತು, ಪಂಜರವೊಂದರಿಂದಲೇ ಆಗದ ಕೆಲಸ ಯಾವುದು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ತಳಿಯ ವಿಷಯ ಹೇಳಬೇಕು, ಏಕೆಂದರೆ ಸಮಸ್ಯೆಯ ಅರ್ಧ ಭಾಗ ಅಲ್ಲಿಯೇ ಇದೆ. ಮಸ್ಕೋವಿಯನ್ನು ಬಿಟ್ಟರೆ ಜಗತ್ತಿನ ಸಾಕುಬಾತುಗಳೆಲ್ಲವೂ ಮ್ಯಾಲಾರ್ಡ್ ಎಂಬ ಕಾಡುಬಾತಿನ ಸಂತತಿ. ಇಂಗ್ಲೆಂಡಿನಲ್ಲಿ ಬೆಳೆಸಿದ ಖಾಕಿ ಕ್ಯಾಂಪ್‌ಬೆಲ್, ಹೆಸರಿನಲ್ಲಿ ಭಾರತವಿದ್ದರೂ ಇಂಡೋನೇಷ್ಯಾದ ದ್ವೀಪಗಳಿಂದ ಬಂದ ಇಂಡಿಯನ್ ರನ್ನರ್, ಚೀನಾದ ಪೆಕಿನ್ ಇವೆಲ್ಲ ಆ ಸಾಲಿನವು. ಹೆಚ್ಚು ಮೊಟ್ಟೆಗಾಗಿ ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಖಾಕಿ ಕ್ಯಾಂಪ್‌ಬೆಲ್ಲಿನಂಥ ತಳಿಗಳಲ್ಲಿ ಕಾವಿಗೆ ಕೂರುವ ಗುಣ ಬಹುಮಟ್ಟಿಗೆ ಅಳಿದುಹೋಗಿದೆ. ಮೊಟ್ಟೆಯಿಟ್ಟು ಎದ್ದು ಹೋಗುವುದೇ ಅವುಗಳ ಸ್ವಭಾವ. ಮಸ್ಕೋವಿ ಮಾತ್ರ ದಕ್ಷಿಣ ಮತ್ತು ಮಧ್ಯ ಅಮೆರಿಕದ ಬೇರೆಯೇ ಜಾತಿ. ಕಾಡಿನಲ್ಲಿ ಮರದ ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿ ಅದು, ಹೆಣ್ಣು ಚೆನ್ನಾಗಿ ಹಾರುತ್ತದೆ, ಕ್ವಾಕ್ ಎಂದು ಕೂಗುವುದಿಲ್ಲ, ಕಾವಿಗೆ ಕೂರುವುದರಲ್ಲಿ ಅದಕ್ಕೆ ಸಾಟಿಯಾದ ಸಾಕುಬಾತು ಇಲ್ಲ. ವರ್ಷಕ್ಕೆ ಎರಡು ಮೂರು ಸಲ, ಒಂದೊಂದು ಸಲವೂ ಹತ್ತರಿಂದ ಹದಿನೈದು ಮೊಟ್ಟೆಗಳ ಮೇಲೆ ಕೂರುತ್ತದೆ. ಮೂರು ಹೆಣ್ಣುಗಳಿಂದ ಮೂವತ್ತೊಂದಾದದ್ದು ಆಶ್ಚರ್ಯವಲ್ಲ. ಉಡ ಮತ್ತು ಮುಂಗುಸಿ ನಡುವೆ ಬಂದು ಹೋಗದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು.

ಎಷ್ಟು ಹಕ್ಕಿ ಇರಬೇಕು ಎಂಬುದನ್ನು ನಾನು ಹಿತ್ತಿಲಿನ ವಿಸ್ತಾರದಿಂದ ಲೆಕ್ಕ ಹಾಕಲಿಲ್ಲ. ಹಗಲಿನಲ್ಲಿ ಹಿತ್ತಿಲು ದೊಡ್ಡದೆಂದೇ ತೋರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಮಳೆಯಲ್ಲಿ ಹಕ್ಕಿಗಳು ಬಹಳ ಹೊತ್ತು ಮಾಡಿನ ಕೆಳಗೇ ಇರುತ್ತವೆ, ಆದ್ದರಿಂದ ರಾತ್ರಿಯ ಗೂಡಿನ ನೆಲವೇ ನಿಜವಾದ ಅಳತೆ. ನಮ್ಮ ಗೂಡು ಆರು ಅಡಿಗೆ ಆರು ಅಡಿ. ಒಂದು ಬಾತಿಗೆ ನಾಲ್ಕು ಚದರ ಅಡಿಯಂತೆ ಒಂಬತ್ತು ಹಕ್ಕಿಗಳಿಗೆ ಜಾಗವಿದೆ. ಅದರಲ್ಲಿ ಗಂಡು ಒಂದೇ ಇರಬೇಕು. ಒಂದು ಗಂಡಿಗೆ ನಾಲ್ಕೈದು ಹೆಣ್ಣುಗಳಿಗಿಂತ ಕಡಿಮೆಯಾದರೆ ಹೆಣ್ಣುಗಳ ಬೆನ್ನು ಉಳಿಯುವುದಿಲ್ಲ. ಒಂಬತ್ತು ಎಂಬ ಸಂಖ್ಯೆಯನ್ನು ಗೂಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಮುಂದಿನ ಎಲ್ಲ ನಿರ್ಧಾರಗಳನ್ನೂ ಅದಕ್ಕೆ ಹೊಂದಿಸಿದೆ.

ಸಂಖ್ಯೆಯನ್ನು ಹಿಡಿದಿಡುವ ಮೊದಲ ಕೆಲಸ ಪಂಜರದ್ದಲ್ಲ, ಪ್ರತಿದಿನ ಮೊಟ್ಟೆ ಎತ್ತುವುದು. ಹೆಣ್ಣು ಬಾತು ಒಂದೊಂದೇ ಮೊಟ್ಟೆಯಿಟ್ಟು ಹೋಗುತ್ತಾ, ಗೂಡು ತುಂಬಿತೆಂದು ಅದಕ್ಕೆ ಅನಿಸಿದ ಮೇಲೆಯೇ ಕೂರುತ್ತದೆ. ಕಾವು ಸಿಗುವವರೆಗೆ ಮೊಟ್ಟೆಯೊಳಗಿನ ಬೆಳವಣಿಗೆ ತಡೆದು ನಿಂತಿರುತ್ತದೆ, ಹಾಗಾಗಿಯೇ ಎರಡು ವಾರಗಳ ಅಂತರದಲ್ಲಿ ಇಟ್ಟ ಮೊಟ್ಟೆಗಳೂ ಒಂದೇ ದಿನ ಒಡೆಯುತ್ತವೆ. ಈ ವ್ಯವಸ್ಥೆ ನಮಗೂ ಅನುಕೂಲವೇ, ಏಕೆಂದರೆ ಇಟ್ಟ ದಿನವೇ ಎತ್ತಿದ ಮೊಟ್ಟೆ ಅಡುಗೆಯ ಮೊಟ್ಟೆ, ಅದರಲ್ಲಿ ಯಾವ ಜೀವದ ಪ್ರಶ್ನೆಯೂ ಇಲ್ಲ. ಗೂಡಿನ ಬಾಗಿಲನ್ನು ಬೆಳಗ್ಗೆ ಆರಕ್ಕೆ ತೆರೆಯುವ ಬದಲು ಒಂಬತ್ತಕ್ಕೆ ತೆರೆಯುವುದನ್ನು ರೂಢಿ ಮಾಡಿಕೊಂಡೆವು. ಬಹುಪಾಲು ಮೊಟ್ಟೆಗಳು ಅಷ್ಟರೊಳಗೆ ಒಳಗೇ ಬೀಳುತ್ತವೆ. ಮಸ್ಕೋವಿಗಳು ಹೊತ್ತು ತಪ್ಪಿಸುವುದೂ ಉಂಟು, ಆದ್ದರಿಂದ ಮಧ್ಯಾಹ್ನ ಇನ್ನೊಂದು ಸುತ್ತು ನೋಡಲೇಬೇಕು.

ಎಲ್ಲ ಮೊಟ್ಟೆಗಳನ್ನೂ ಎತ್ತಿ ಗೂಡನ್ನು ಬರಿದು ಮಾಡಿದರೆ ಹಕ್ಕಿ ಆ ಜಾಗವನ್ನು ನಂಬುವುದಿಲ್ಲ, ಬೇರೆಡೆ ಕದ್ದು ಇಡತೊಡಗುತ್ತದೆ. ಅದಕ್ಕಾಗಿ ಮರದ ಮೊಟ್ಟೆಗಳು ಬೇಕಾದವು. ಇಲ್ಲಿಂದ ಉತ್ತರಕ್ಕೆ ಗಡಿ ದಾಟಿದರೆ ಸಾವಂತವಾಡಿ. ಮರದ ಹಣ್ಣುಗಳಿಗೂ ಆಟಿಕೆಗಳಿಗೂ ಹೆಸರಾದ ಊರು. ಅಲ್ಲಿಯ ಕುಶಲಕರ್ಮಿಯೊಬ್ಬರಿಗೆ ಅಸಲಿ ಮೊಟ್ಟೆಯೊಂದನ್ನು ಹತ್ತಿಯಲ್ಲಿ ಸುತ್ತಿ ಒಯ್ದು ಕೊಟ್ಟು, ಅದೇ ಗಾತ್ರದಲ್ಲಿ ಆರು ಮೊಟ್ಟೆಗಳನ್ನು ಬಣ್ಣ ಬಳಿಯದೆ ಚರಕಿ ಹಿಡಿದು ಕೊಡಲು ಕೇಳಿದೆ. ಆರನ್ನೂ ಗೂಡಿನಲ್ಲಿಟ್ಟದ್ದು ನನ್ನ ತಪ್ಪು. ತುಂಬಿದ ಗೂಡನ್ನು ಕಂಡ ಹಕ್ಕಿ ಕಾವಿಗೆ ಕೂರಲು ಅದನ್ನೇ ಕಾರಣವಾಗಿಸಿಕೊಂಡಿತು. ಈಗ ಒಂದು ಗೂಡಿಗೆ ಎರಡೇ ಇಡುತ್ತೇನೆ. ಜಾಗದ ಗುರುತಿಗೆ ಎರಡು ಸಾಕು.

ಇಷ್ಟೆಲ್ಲ ಮಾಡಿದರೂ ಮಸ್ಕೋವಿ ಕೂರುತ್ತದೆ, ಕೆಲವೊಮ್ಮೆ ಬರಿಯ ಹುಲ್ಲಿನ ಮೇಲೆ ಕೂಡ. ಗುರುತುಗಳು ಸ್ಪಷ್ಟ: ಎದೆಯ ಮೆತ್ತನೆಯ ತುಪ್ಪಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ, ಕೈ ಹತ್ತಿರ ಒಯ್ದರೆ ಚಪ್ಪಟೆಯಾಗಿ ಹರಡಿಕೊಂಡು ಹಾವಿನಂತೆ ಬುಸುಗುಟ್ಟುತ್ತದೆ, ದಿನಕ್ಕೆ ಒಂದೇ ಸಲ ಎದ್ದು ತಡೆದಿಟ್ಟುಕೊಂಡ ದೊಡ್ಡ, ದುರ್ವಾಸನೆಯ ಹಿಕ್ಕೆ ಹಾಕಿ, ಅವಸರದಲ್ಲಿ ತಿಂದು ಮಿಂದು ಅರ್ಧ ಗಂಟೆಯೊಳಗೆ ಮರಳುತ್ತದೆ. ಮೊಟ್ಟೆಯಿಲ್ಲದಿದ್ದರೂ ಹೀಗೆಯೇ ವಾರಗಟ್ಟಲೆ ಕೂತು ಮೈ ಇಳಿಸಿಕೊಳ್ಳುವುದನ್ನು ನೋಡಿಕೊಂಡು ಸುಮ್ಮನಿರುವುದು ದಯೆಯಲ್ಲ ಎಂಬುದು ನನಗೆ ಕಳೆದ ಅಕ್ಟೋಬರಿನಲ್ಲಿ ತೂಕದ ತಕ್ಕಡಿಯಿಂದ ಗೊತ್ತಾಯಿತು. ಆಗ ಬೆಳ್ಳಿ ಎಂದು ನಾವು ಕರೆಯುವ ಹೆಣ್ಣಿಗೆ ನಾಲ್ಕೇ ಮೊಟ್ಟೆಗಳನ್ನು ಉಳಿಸಿ ಕೂರಲು ಬಿಟ್ಟಿದ್ದೆವು. ಕೂರುವಾಗ 2.3 ಕಿಲೋ ಇದ್ದದ್ದು ಏಳುವಾಗ 1.8 ಕಿಲೋ ಇತ್ತು. ಸಾಮಾನ್ಯ ಬಾತಿನ ಮೊಟ್ಟೆಗೆ 28 ದಿನ ಸಾಕು, ಮಸ್ಕೋವಿಗೆ 35 ದಿನ ಬೇಕು. ಅಷ್ಟು ದಿನದ ತಪಸ್ಸಿನ ಬೆಲೆ ಅರ್ಧ ಕಿಲೋ ಮೈ. ಮರಿಯಾಗುವುದಾದರೆ ಅದಕ್ಕೆ ಅರ್ಥವಿದೆ, ಬರಿಯ ಹುಲ್ಲಿನ ಮೇಲೆ ಇಲ್ಲ. ಆ ನಾಲ್ಕರಲ್ಲಿ ಒಂದು ಬರಡು, ಮೂರು ಮರಿಗಳಾದವು, ಎರಡು ಗಂಡು ಒಂದು ಹೆಣ್ಣು. ಹೆಣ್ಣನ್ನು ಉಳಿಸಿಕೊಂಡು ಏಳಾದೆವು.

ನಮ್ಮ ಊರು ಅಂಕೋಲೆಯ ಕಡೆ. ಅಲ್ಲಿ ಕಾವು ಬಿಡದ ಹೇಂಟೆಯನ್ನು ನೀರಿನಲ್ಲಿ ಅದ್ದಿ ತೆಗೆಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕೋಳಿಗೆ ಅದು ಹೆದರಿಕೆ, ಬಾತಿಗೆ ಅದು ದಿನಚರಿ. ಕಾವಿಗೆ ಕೂತ ಬಾತು ತಾನಾಗಿಯೇ ಮಿಂದು ಒದ್ದೆ ಹೊಟ್ಟೆಯಲ್ಲಿ ಮೊಟ್ಟೆಯ ಮೇಲೆ ಕೂರುವ ಹಕ್ಕಿ, ನೀರಿನಿಂದ ಅದರ ಮನಸ್ಸು ತಿರುಗುವುದಿಲ್ಲ. ಕಾವಿನ ಹಂಬಲವನ್ನು ನಡೆಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಗೂಡಿನ ಮೆತ್ತನೆ, ಹೊಟ್ಟೆಯ ಕೆಳಗಿನ ಬಿಸುಪು, ಮೊಟ್ಟೆಯ ಸ್ಪರ್ಶ ಇವು ಅದನ್ನು ಮೇಲಿಟ್ಟಿರುತ್ತವೆ. ಇವೆಲ್ಲವನ್ನೂ ಒಟ್ಟಿಗೆ ಕಳೆದರೆ ಅದು ತಾನಾಗಿ ಇಳಿಯುತ್ತದೆ. ಹೊಟ್ಟೆಯ ಕೆಳಗೆ ಗಾಳಿ ಆಡಬೇಕು, ಬೆಳಕಿರಬೇಕು, ಹಾಸಲು ಒಂದು ಎಳೆ ಹುಲ್ಲೂ ಸಿಗಬಾರದು, ಆದರೆ ಅನ್ನ ನೀರಿಗೆ ಕೊರತೆಯಾಗಬಾರದು. ಪಂಜರದ ವಿನ್ಯಾಸವೆಲ್ಲ ಈ ನಾಲ್ಕು ಮಾತುಗಳಿಂದ ಹುಟ್ಟಿದ್ದು.

ಮೊದಲ ಪಂಜರ, ಜನವರಿಯ ಕೊನೆ

ಮನೆ ದುರಸ್ತಿಯಲ್ಲಿ ಉಳಿದಿದ್ದ ಮರದ ರೀಪುಗಳಿಂದ ಮೂರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಚೌಕಟ್ಟು ಮಾಡಿದೆ. ಕಾಲುಗಳನ್ನು ಒಂದೂವರೆ ಅಡಿ ಇಟ್ಟದ್ದರಿಂದ ನೆಲದ ಕೆಳಗೆ ಗಾಳಿ ನುಗ್ಗಲು ಜಾಗವಾಯಿತು, ಕೆಳಗೆ ಬಿದ್ದ ಹಿಕ್ಕೆಯನ್ನು ಗುದ್ದಲಿಯಿಂದ ಎಳೆಯಲೂ ಆಯಿತು. ನಾಲ್ಕು ಬದಿಗೂ ಮುಚ್ಚಳಕ್ಕೂ ಅರ್ಧ ಇಂಚಿನ ಜಾಲರಿ ಬಡಿದೆ. ಅದಕ್ಕಿಂತ ದೊಡ್ಡ ಕಣ್ಣಿದ್ದರೆ ಮುಂಗುಸಿ ಕೈ ಹಾಕುತ್ತದೆ. ಮುಚ್ಚಳವನ್ನು ಹಲಗೆಯಿಂದ ಮಾಡದೆ ಜಾಲರಿಯಿಂದಲೇ ಮಾಡಿದ್ದು ಬೆಳಕಿಗಾಗಿ. ಕತ್ತಲ ಮೂಲೆ ಎಂದರೆ ಮಸ್ಕೋವಿಗೆ ಮರದ ಪೊಟರೆಯೇ ಸರಿ. ನೆಲಕ್ಕೆ ಒಂದು ಇಂಚು ಕಣ್ಣಿನ ವೆಲ್ಡ್ ಮೆಷ್ ಹಾಕಿದೆ, ಕೋಳಿಗಳಿಗೆ ಎಲ್ಲರೂ ಹಾಕುವುದು ಅದನ್ನೇ.

ಫೆಬ್ರುವರಿ 3ರಂದು ಚುಕ್ಕಿ ಎಂಬ ಹೆಣ್ಣು ಕಾವಿಗೆ ಕೂತದ್ದು ಕಂಡಿತು. 4ರ ಬೆಳಗ್ಗೆ ಅದನ್ನು ಒಳಗಿಟ್ಟೆ. 5ರ ಸಂಜೆ ನೋಡಿದರೆ ಬಲಗಾಲು ಎತ್ತಿ ನಿಂತಿತ್ತು. ಪಾದದ ಅಡಿಯ ಚರ್ಮದಲ್ಲಿ ತಂತಿಯ ಗೆರೆ ಮೂಡಿತ್ತು, ಬೆರಳುಗಳ ನಡುವಿನ ಪೊರೆಯಲ್ಲಿ ಸಣ್ಣ ಸೀಳಿತ್ತು. ಕೋಳಿಯ ಪಾದ ಒಣ, ಗಟ್ಟಿ; ಕೊಂಬೆ ಹಿಡಿಯುವ ಬೆರಳುಗಳು ಅದಕ್ಕಿವೆ. ಬಾತಿನ ಪಾದ ಕೆಸರಿಗೂ ನೀರಿಗೂ ಆದದ್ದು, ಮೆತ್ತನೆಯದು, ಅದರ ಮೈಯ ಭಾರವೋ ಕೋಳಿಗಿಂತ ಹೆಚ್ಚು. ಕೋಳಿಯ ಪಂಜರವನ್ನು ಹಾಗೆಯೇ ಬಾತಿಗೆ ಬಳಸಿದ್ದೇ ತಪ್ಪು, ಇದನ್ನು ಓದುವವರು ಯಾರೂ ಅದನ್ನು ಮಾಡಬಾರದೆಂದು ಕೇಳಿಕೊಳ್ಳುತ್ತೇನೆ. ಗಾಯವನ್ನು ತೊಳೆದು, ಅರಿಶಿನ ಹಚ್ಚಿ, ಒಣ ಹುಲ್ಲಿನ ಮೇಲೆ ಬಿಟ್ಟೆ. ಮರುಕ್ಷಣವೇ ಕುಂಟುತ್ತಾ ಹಳೆಯ ಗೂಡಿಗೇ ಹೋಗಿ ಕೂತಿತು.

ಎರಡನೆಯ ನೆಲ

ಪೋಂಡಾ ಸುತ್ತಮುತ್ತ ಅಡಿಕೆ, ತೆಂಗು, ಬಾಳೆ, ಮೆಣಸು ಒಟ್ಟಿಗೆ ಬೆಳೆಯುವ ತೋಟಗಳಿವೆ, ಇಲ್ಲಿನವರು ಕುಳಾಗರ ಎನ್ನುತ್ತಾರೆ. ನಮ್ಮ ಬೀದಿಯ ಕೊನೆಯಲ್ಲಿ ಅಂಥದೊಂದು ತೋಟವಿದೆ, ಅದರ ಯಜಮಾನರಲ್ಲಿ ಬಿದ್ದ ಅಡಿಕೆ ಮರದ ದಬ್ಬೆಗಳನ್ನು, ಅಂದರೆ ಕಾಂಡ ಸೀಳಿದ ಪಟ್ಟಿಗಳನ್ನು, ಕೇಳಿ ತಂದೆ. ಅಂಕೋಲೆಯಲ್ಲಿ ಬೇಲಿಗೆ, ಚಪ್ಪರಕ್ಕೆ, ಕಾಲುಸಂಕಕ್ಕೆ ದಬ್ಬೆ ಬಳಸಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ದಬ್ಬೆಯ ಹೊರಮೈ ನುಣುಪು, ಕೊಳೆಯುವುದು ನಿಧಾನ, ಹಕ್ಕಿಯ ಭಾರಕ್ಕೆ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮೂರು ಸೆಂಟಿಮೀಟರ್ ಅಗಲದ ದಬ್ಬೆಗಳನ್ನು ಒಂದು ಸೆಂಟಿಮೀಟರ್ ಸಂದು ಬಿಟ್ಟು, ಹೊರಮೈ ಮೇಲಾಗಿ ಬಡಿದೆ.

ಕಾಲಿಗೆ ಏನೂ ಆಗಲಿಲ್ಲ, ಆದರೆ ಕಾವೂ ಬಿಡಲಿಲ್ಲ. ಒಂದು ಸೆಂಟಿಮೀಟರ್ ಸಂದಿನಲ್ಲಿ ಬಾತಿನ ಹಿಕ್ಕೆ ಕೆಳಗಿಳಿಯುವುದಿಲ್ಲ, ಸಂದು ಮುಚ್ಚಿ ನೆಲ ಹಲಗೆಯಂತಾಗುತ್ತದೆ. ಎರಡನೆಯ ದಿನ ರಾತ್ರಿ ಚುಕ್ಕಿಯ ಹೊಟ್ಟೆಯ ಕೆಳಗೆ ಕೈ ಹಾಕಿ ನೋಡಿದಾಗ ದಬ್ಬೆ ಬೆಚ್ಚಗಿತ್ತು, ಕಿತ್ತ ತುಪ್ಪಳ ಸುತ್ತಲೂ ಅಂಟಿಕೊಂಡಿತ್ತು. ಪಂಜರದೊಳಗೇ ಅದು ಹೊಸ ಗೂಡು ಮಾಡಿಕೊಂಡಿತ್ತು.

ಮೂರನೆಯ ನೆಲ, ಈಗ ಉಳಿದಿರುವುದು

ದಬ್ಬೆಗಳನ್ನು ಬಿಚ್ಚಿ, ಎರಡು ಸೆಂಟಿಮೀಟರ್ ಅಗಲಕ್ಕೆ ಸೀಳಿ, ಎರಡು ಅಂಚುಗಳನ್ನೂ ಮೊದಲು ಕತ್ತಿಯಿಂದ, ಆಮೇಲೆ ಸ್ಯಾಂಡ್‌ಪೇಪರಿನಿಂದ ದುಂಡಗಾಗಿಸಿದೆ. ಈ ಕೆಲಸಕ್ಕೆ ಒಂದಿಡೀ ಭಾನುವಾರ ಹೋಯಿತು, ಆದರೆ ಇದನ್ನು ಅವಸರದಲ್ಲಿ ಮಾಡುವ ಹಾಗಿಲ್ಲ. ಅಡಿಕೆ ದಬ್ಬೆಯ ಸೀಳಿದ ಅಂಚಿನ ಸಿಬಿರು ಮನುಷ್ಯರ ಅಂಗೈಗೇ ಹೊಕ್ಕು ಮುರಿಯುವಂಥದು, ಬಾತಿನ ಪಾದದಲ್ಲಿ ಮುರಿದರೆ ತೆಗೆಯುವುದು ಕಷ್ಟ. ಸಂದನ್ನು ಎರಡು ಸೆಂಟಿಮೀಟರಿಗೆ ಏರಿಸಿದೆ. ಬೆಳೆದ ಮಸ್ಕೋವಿಯ ಹರಡಿದ ಪಾದ ಅದರೊಳಗೆ ಜಾರುವುದಿಲ್ಲ, ಹಿಕ್ಕೆ ಸಲೀಸಾಗಿ ಬೀಳುತ್ತದೆ. ಎಳೆಯ ಹಕ್ಕಿಗೆ ಈ ಸಂದು ದೊಡ್ಡದಾಗುತ್ತದೆ, ಆದರೆ ಎಳೆಯ ಹಕ್ಕಿ ಕಾವಿಗೆ ಕೂರುವುದೂ ಇಲ್ಲ. ದಬ್ಬೆಗಳನ್ನು ಚೌಕಟ್ಟಿಗೆ ಮೊಳೆ ಹೊಡೆಯದೆ ಎರಡು ಅಡ್ಡಪಟ್ಟಿಗಳಿಗೆ ಕಟ್ಟಿ, ಇಡೀ ನೆಲವನ್ನೇ ಹೊರಗೆಳೆದು ತೊಳೆಯುವಂತೆ ಮಾಡಿಕೊಂಡೆ. ಈ ಒಂದು ಬದಲಾವಣೆಯಿಂದ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು.

ನೀರನ್ನು ಒಳಗಿಟ್ಟರೆ ಚೆಲ್ಲಿ ಒದ್ದೆಯಾಗುತ್ತದೆ. ಒಂದು ಬದಿಯ ಜಾಲರಿಯಲ್ಲಿ ಕತ್ತು ಹೋಗುವಷ್ಟು ಕಿಂಡಿ ಕತ್ತರಿಸಿ, ಅಂಚಿಗೆ ಹಳೆಯ ಹೋಸ್ ಪೈಪನ್ನು ಸೀಳಿ ಸಿಕ್ಕಿಸಿ, ಹೊರಗಡೆ ಬಕೆಟ್ಟೊಂದನ್ನು ತೂಗುಹಾಕಿದೆ. ನೀರಿನ ಆಳ ಕನಿಷ್ಠ ಅರ್ಧ ಅಡಿ ಇರುವಂತೆ ನೋಡಿಕೊಳ್ಳುತ್ತೇನೆ. ಬಾತುಕೋಳಿ ಕುಡಿಯುವುದಕ್ಕೆ ಮಾತ್ರವಲ್ಲದೆ ಮೂಗಿನ ಹೊಳ್ಳೆ, ಕಣ್ಣು ತೊಳೆದುಕೊಳ್ಳುವುದಕ್ಕೂ ತಲೆ ಮುಳುಗುವಷ್ಟು ನೀರು ಬೇಕು. ಆಹಾರ ಎಂದಿನಂತೆ ಎರಡು ಹೊತ್ತು, ಪ್ರಮಾಣ ಕಡಿಮೆ ಮಾಡುವುದಿಲ್ಲ. ಹಸಿವಿನಿಂದ ಕಾವು ಬಿಡಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಮೊದಲೇ ಮೈ ಇಳಿದ ಹಕ್ಕಿಗೆ ಅದು ಅನ್ಯಾಯ. ಪಂಜರ ಹಗಲಿಡೀ ಮಾವಿನ ನೆರಳಿನಲ್ಲಿ, ಉಳಿದ ಹಕ್ಕಿಗಳು ಕಾಣುವ ಕಡೆ ಇರುತ್ತದೆ. ರಾತ್ರಿ ಇಬ್ಬರು ಹಿಡಿದು ಹಿಂಜಗಲಿಗೆ ತರುತ್ತೇವೆ.

ಚುಕ್ಕಿಯನ್ನು ಫೆಬ್ರುವರಿ 13ರಂದು ಈ ಮೂರನೆಯ ನೆಲದ ಮೇಲೆ ಬಿಟ್ಟೆವು. ಮೊದಲ ದಿನ ಕೂತೇ ಇತ್ತು, ಬುಸುಗುಟ್ಟುತ್ತಿತ್ತು. ಎರಡನೆಯ ದಿನ ನಿಂತು ಕೂತು ಜಾಗ ಬದಲಿಸಿತು. ಮೂರನೆಯ ದಿನ ಸಂಜೆ ಬಾಲ ಅಲ್ಲಾಡಿಸುತ್ತಾ ಗರಿ ತೀಡಿಕೊಳ್ಳುತ್ತಿತ್ತು, ಹಿಕ್ಕೆ ದಿನಕ್ಕೊಮ್ಮೆಯ ದೊಡ್ಡ ಮುದ್ದೆಯಾಗಿರದೆ ಎಂದಿನಂತೆ ಸಣ್ಣಗೆ, ಆಗಾಗ ಬೀಳತೊಡಗಿತ್ತು. ಕಾವು ಇಳಿಯುತ್ತಿದೆಯೆಂಬುದಕ್ಕೆ ನಾನು ನಂಬುವ ಗುರುತು ಇದೇ. ನಾಲ್ಕನೆಯ ದಿನ ಹಳೆಯ ಗೂಡಿನ ಜಾಗವನ್ನು ಹಲಗೆಯಿಂದ ಮುಚ್ಚಿ ಹೊರಗೆ ಬಿಟ್ಟಾಗ ನೇರವಾಗಿ ತೊಟ್ಟಿಗೆ ಹೋಗಿ ಮಿಂದಿತು, ಮುಚ್ಚಿದ ಜಾಗದ ಕಡೆ ತಿರುಗಿ ನೋಡಲಿಲ್ಲ. ಅದಾದ ಹತ್ತೊಂಬತ್ತನೆಯ ದಿನ ಮತ್ತೆ ಮೊಟ್ಟೆಯಿಟ್ಟಿತು. ಫೆಬ್ರುವರಿ ಕೊನೆಯಲ್ಲಿ ಬೆಳ್ಳಿ ಕೂತಾಗ ಮರುದಿನವೇ ಪಂಜರಕ್ಕೆ ತಂದದ್ದರಿಂದ ಎರಡೂವರೆ ದಿನದಲ್ಲೇ ಎದ್ದಿತು. ಎಷ್ಟು ಬೇಗ ಗಮನಿಸುತ್ತೇವೆಯೋ ಅಷ್ಟು ಕಡಿಮೆ ದಿನ ಪಂಜರ. ಹಕ್ಕಿ ಕಾವಿನಲ್ಲಿ ಆಳಕ್ಕೆ ಇಳಿದಷ್ಟೂ ಅದನ್ನು ಮೇಲೆತ್ತಲು ಹೊತ್ತು ಹಿಡಿಯುತ್ತದೆ.

ಕರಿಯಮ್ಮನ ಗೂಡು

ಪಂಜರ ಸರಿಹೋಯಿತೆಂದು ನಾನು ನಿಶ್ಚಿಂತನಾಗಿದ್ದಾಗ ಕರಿಯಮ್ಮ ಎಂಬ ಹೆಣ್ಣು ಬಾತು ನಮ್ಮ ಲೆಕ್ಕದಿಂದ ಜಾರಿಕೊಂಡಿತ್ತು. ಗರಿ ಉದುರಿ ಹೊಸದು ಬಂದ ಮೇಲೆ ಅದರ ಒಂದು ರೆಕ್ಕೆಯ ಹಾರುಗರಿಗಳನ್ನು ಮತ್ತೆ ಕತ್ತರಿಸಬೇಕಿತ್ತು, ಅದನ್ನು ಮುಂದೂಡಿದ್ದೆ. ರಾತ್ರಿ ತಲೆಯೆಣಿಸುವ ರೂಢಿ ಆಗಿನ್ನೂ ಇರಲಿಲ್ಲ; ಮಾರ್ಚ್ ಮಧ್ಯದಲ್ಲಿ ಮೂರು ದಿನ ರಾತ್ರಿ ಗೂಡಿಗೆ ಬಾರದ್ದು ಗಮನಕ್ಕೆ ಬಂದಾಗ ಉಡ ಹಿಡಿದಿರಬೇಕೆಂದೇ ಭಾವಿಸಿದೆವು. ನಾಲ್ಕನೆಯ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ನನ್ನ ಹೆಂಡತಿ ಅದು ತೊಟ್ಟಿಯ ಬಳಿ ಅವಸರದಿಂದ ತಿನ್ನುತ್ತಿರುವುದನ್ನು ನೋಡಿ, ನನ್ನನ್ನು ಕರೆಯದೆ, ಅಲ್ಲಾಡದೆ ಬಾವಿಕಟ್ಟೆಯ ಮರೆಯಲ್ಲಿ ನಿಂತಳು. ಕದ್ದ ಗೂಡನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ: ಹಕ್ಕಿ ಏಳುವ ಹೊತ್ತಿಗೆ ಕಾದಿದ್ದು, ಮರಳುವಾಗ ದಾರಿ ನೋಡಬೇಕು. ಅದು ಹಾರಿ ಸೌದೆ ಕೊಟ್ಟಿಗೆಯ ಅಟ್ಟದ ಮೇಲೆ, ಒಣಗಿದ ತೆಂಗಿನ ಗರಿಗಳ ಹಿಂದೆ ಇಳಿಯಿತು.

ಹನ್ನೊಂದು ಮೊಟ್ಟೆಗಳಿದ್ದವು. ರಾತ್ರಿ ಅಟ್ಟ ಹತ್ತಿ, ಮೊಬೈಲಿನ ಟಾರ್ಚಿನ ಮೇಲೆ ಬೆರಳುಗಳನ್ನು ಕೂಡಿಸಿ ಮೊಟ್ಟೆಯ ಅಗಲವಾದ ತುದಿಯನ್ನಿಟ್ಟು ಒಂದೊಂದನ್ನೇ ನೋಡಿದೆ. ಎರಡು ಬರಡಾಗಿದ್ದವು, ಬೆಳಕು ಹಳದಿಯಾಗಿ ಆರಪಾರ ಬಂತು. ಉಳಿದ ಒಂಬತ್ತರಲ್ಲಿ ಜೇಡರ ಬಲೆಯಂಥ ರಕ್ತನಾಳಗಳ ಹಂತವೂ ದಾಟಿತ್ತು, ಅರ್ಧಕ್ಕಿಂತ ಹೆಚ್ಚು ಕಪ್ಪಾಗಿ, ಒಂದೆರಡರಲ್ಲಿ ಒಳಗಿನ ನೆರಳು ಬೆಳಕಿಗೆ ಬೆಚ್ಚಿ ಅಲುಗಿತು. ಎರಡು ವಾರ ದಾಟಿದ ಕಾವು. ಹಿತ್ತಿಲಿನಲ್ಲಿ ಏಳು ಹಕ್ಕಿಗಳಿದ್ದವು, ಬಾಗಿಲ ಮೇಲೆ ಒಂಬತ್ತು ಎಂದು ಬರೆದಿತ್ತು. ಒಂಬತ್ತು ಮರಿಗಳಾದರೆ ಹದಿನಾರಾಗುತ್ತಿತ್ತು.

ಆ ರಾತ್ರಿ ಅಂಕೋಲೆಗೆ ಫೋನು ಮಾಡಿ ಅವ್ವನಿಗೆ ಹೇಳಿದೆ. ಪಂಜರದ ವಿಷಯ ಅವಳಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ, ಕಾವಿಗೆ ಕೂತದ್ದನ್ನು ಎಬ್ಬಿಸಬಾರದೆಂಬುದು ಅವಳ ಮಾತು. ಬರಿಯ ಹುಲ್ಲಿನ ಮೇಲೆ ಕೂತು ಸೊರಗುವುದನ್ನು ನಾನು ವಿವರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಎರಡನೇ ದಿನಕ್ಕೇ ಎಬ್ಬಿಸು ಮಗಾ. ಹದಿನೈದು ದಿನ ಕೂತದ್ದನ್ನ ಎಬ್ಬಿಸಬೇಡ” ಎಂದಳು. ನಾನು ಓದಿ, ಅಳೆದು, ಮೂರು ಸಲ ಪಂಜರ ಬಿಚ್ಚಿ ಕಟ್ಟಿ ತಲುಪಿದ ನಿರ್ಣಯವೂ ಅದೇ ಆಗಿತ್ತು. ಸಂಖ್ಯೆಯ ನಿರ್ಧಾರ ನಮ್ಮ ಕೈಯಲ್ಲಿರುವುದು ಮೊಟ್ಟೆ ತಣ್ಣಗಿರುವವರೆಗೆ ಮಾತ್ರ. ಕೋಳಿಯ ಮೊಟ್ಟೆಯಲ್ಲಿ ಕಾವಿನ ಎರಡನೆಯ ದಿನಕ್ಕೇ ಹೃದಯ ಬಡಿಯತೊಡಗುತ್ತದೆ. ಬಾತಿನಲ್ಲಿ ತುಸು ನಿಧಾನ, ಆದರೂ ವಾರ ಕಳೆಯುವಷ್ಟರಲ್ಲಿ ನಾಳಗಳು ಬರಿಗಣ್ಣಿಗೆ ಕಾಣುತ್ತವೆ. ಅಲುಗುವ ನೆರಳನ್ನು ಕಂಡ ಮೇಲೆ ಆ ಮೊಟ್ಟೆಯನ್ನು ಎತ್ತಿ ಎಸೆಯುವುದು ನನ್ನ ಕೈಲಾಗದು, ಆಗಬಾರದು ಎಂದೂ ನನ್ನ ಅಭಿಪ್ರಾಯ. ತಡವಾಗಿ ನೋಡಿದ್ದು ನನ್ನ ತಪ್ಪು, ಅದರ ಹೊಣೆಯನ್ನು ನಾನೇ ಬೇರೆ ರೀತಿಯಲ್ಲಿ ಹೊರಬೇಕಿತ್ತು.

ಬರಡು ಮೊಟ್ಟೆಗಳೆರಡನ್ನು ಮಾತ್ರ ತೆಗೆದೆ, ಬಿಟ್ಟರೆ ಅವು ಕೊಳೆತು ಗೂಡಿನಲ್ಲೇ ಒಡೆಯುತ್ತವೆ. ಉಳಿದ ಒಂಬತ್ತರ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದೆ. ಬೇರೆ ಹೆಣ್ಣುಗಳು ಅದೇ ಗೂಡಿಗೆ ಬಂದು ಮೊಟ್ಟೆಯಿಡುವುದುಂಟು, ಗೆರೆಯಿಲ್ಲದ ಮೊಟ್ಟೆ ಕಂಡ ದಿನವೇ ಎತ್ತಿದರೆ ಮರಿಗಳ ದಿನ ಹಿಂದುಮುಂದಾಗುವುದಿಲ್ಲ. ಆಮೇಲೆ ಮರಿಗಳಿಗೆ ಜಾಗ ಹುಡುಕಲು ಹೊರಟೆ, ಮರಿಗಳಾಗುವ ಮೊದಲೇ. ದಬ್ಬೆ ಕೊಟ್ಟ ಕುಳಾಗರದ ಯಜಮಾನರಿಗೆ ಮಳೆಗಾಲದಲ್ಲಿ ಬಸವನಹುಳುಗಳ ಕಾಟವಿತ್ತು, ಬಾತು ಅವನ್ನು ಆರಿಸಿ ತಿನ್ನುತ್ತದೆ. ಏಳು ಹಕ್ಕಿಗಳನ್ನು ಎರಡು ತಿಂಗಳು ತುಂಬಿದ ಮೇಲೆ ಒಯ್ಯುವುದಾಗಿ ಒಪ್ಪಿದರು, ರಾತ್ರಿಯ ಗೂಡನ್ನು ಈಗಿನಿಂದಲೇ ಕಟ್ಟಿಸುವುದಾಗಿ ತಾವೇ ಹೇಳಿದರು. ಗಂಡುಗಳು ಹೆಚ್ಚಾದರೆ ಅಡುಗೆಗೆ ಹೋಗುತ್ತವೆಂಬುದನ್ನು ಇಬ್ಬರೂ ಮುಚ್ಚಿಡದೆ ಮಾತಾಡಿಕೊಂಡೆವು. ಮರಿಗಳಲ್ಲಿ ಸುಮಾರು ಅರ್ಧ ಗಂಡೇ ಇರುತ್ತವೆ, ಇದನ್ನು ಎದುರಿಸಲಾಗದವರು ಮರಿ ಮಾಡಿಸಬಾರದು.

ಹೆಚ್ಚಾದ ಬಾತುಗಳನ್ನು ಹತ್ತಿರದ ಕೆರೆಗೆ ಬಿಟ್ಟುಬಿಡಿ ಎಂದು ಪರಿಚಿತರೊಬ್ಬರು ಸೂಚಿಸಿದ್ದರು, ಅದಕ್ಕೊಂದು ಉತ್ತರ ಬರೆಯಲೇಬೇಕು. ಹಾಗೆ ಬಿಟ್ಟ ಮಸ್ಕೋವಿಗಳು ಅಮೆರಿಕದ ಫ್ಲಾರಿಡಾದಲ್ಲಿ ಕಾಡುಬಿದ್ದು ಹೆಚ್ಚಿ, 2010ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಅವುಗಳ ನಿಯಂತ್ರಣಕ್ಕೆಂದೇ ನಿಯಮ ತರಬೇಕಾಯಿತು. ನಮ್ಮ ಕರಮಳಿಯ ಕೆರೆಗೆ ಶಿಳ್ಳೆಬಾತುಗಳೂ ವಲಸೆ ಹಕ್ಕಿಗಳೂ ಬರುತ್ತವೆ. ಸಾಕುಹಕ್ಕಿಯ ರೋಗ ಅವಕ್ಕೆ ತಗಲುವುದಕ್ಕೂ, ಗೂಡಿನ ಜಾಗಕ್ಕೆ ಪೈಪೋಟಿ ಬೀಳುವುದಕ್ಕೂ ನಾವು ಕಾರಣರಾಗಬಾರದು. ಇನ್ನು ಮಸ್ಕೋವಿಯ ಗಂಡನ್ನು ಸಾಮಾನ್ಯ ಬಾತಿನ ಹೆಣ್ಣುಗಳ ಜೊತೆ ಬಿಟ್ಟರೆ ಹುಟ್ಟುವ ಮರಿಗಳು ಹೇಸರಗತ್ತೆಯಂತೆ ಸಂತಾನವಿಲ್ಲದವು. ಸಂಖ್ಯೆ ತಡೆಯಲು ಇದೊಂದು ದಾರಿಯೆನಿಸಬಹುದು, ಆದರೆ ಮರಿಗಳಂತೂ ಆಗಿಯೇ ಆಗುತ್ತವೆ, ಗೂಡಿನ ಜಾಗವನ್ನು ಅವೂ ಕೇಳುತ್ತವೆ.

ಒಂಬತ್ತರಲ್ಲಿ ಎಂಟು ಒಡೆದವು. ಅಟ್ಟದಿಂದ ಮರಿಗಳು ಕೆಳಗೆ ಹಾರುವ ಮೊದಲೇ ತಾಯಿಯನ್ನೂ ಮರಿಗಳನ್ನೂ ಬುಟ್ಟಿಯಲ್ಲಿ ಇಳಿಸಿ, ಜಾಲರಿ ಹಾಕಿದ ಕೊಠಡಿಗೆ ತಂದೆವು. ಎಂಟು ವಾರಕ್ಕೆ ಮಸ್ಕೋವಿಯ ಗಂಡು ಮರಿ ಗಾತ್ರದಲ್ಲೂ ಕಾಲಿನ ದಪ್ಪದಲ್ಲೂ ಎದ್ದು ಕಾಣುತ್ತದೆ. ಐದು ಗಂಡು, ಮೂರು ಹೆಣ್ಣು. ಎರಡು ಹೆಣ್ಣುಗಳನ್ನು ಉಳಿಸಿಕೊಂಡು ಆರನ್ನು ಕುಳಾಗರಕ್ಕೆ ಕೊಟ್ಟೆವು. ಏಳಕ್ಕೆ ಒಪ್ಪಿದ್ದವರಿಗೆ ಆರು ಸಿಕ್ಕಿದವು, ನಮ್ಮ ಗೂಡು ಒಂಬತ್ತಕ್ಕೆ ಭರ್ತಿಯಾಯಿತು.

ಆ ನಂತರ ಮಾಡಿದ ಬದಲಾವಣೆಗಳು ಪಂಜರದಲ್ಲಿ ಕಡಿಮೆ, ಹಿತ್ತಿಲಿನಲ್ಲಿ ಹೆಚ್ಚು. ಅಟ್ಟದ ಬಾಯಿಗೆ ಜಾಲರಿ ಬಡಿದೆ. ತೆಂಗಿನ ಗರಿಗಳನ್ನು ರಾಶಿ ಹಾಕದೆ ನಿಲ್ಲಿಸಿ ಒಣಗಿಸುತ್ತೇವೆ. ಎಲ್ಲ ಹೆಣ್ಣುಗಳ ಒಂದೊಂದು ರೆಕ್ಕೆಯ ಹಾರುಗರಿಗಳನ್ನು ಕತ್ತರಿಸಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ, ರಕ್ತವಿರುವ ಎಳೆಗರಿಯನ್ನು ಮಾತ್ರ ಮುಟ್ಟುವುದಿಲ್ಲ. ರಾತ್ರಿ ಬಾಗಿಲು ಹಾಕುವಾಗ ತಲೆಯೆಣಿಸುತ್ತೇವೆ, ಒಂದು ಕಡಿಮೆಯಾದರೆ ಮರುದಿನ ಮಧ್ಯಾಹ್ನ ಒಬ್ಬರು ಬಾವಿಕಟ್ಟೆಯ ಮರೆಯಲ್ಲಿ ನಿಲ್ಲುತ್ತೇವೆ. ಪಂಜರದ ಮುಚ್ಚಳದ ಮೇಲೆ ಮಳೆಗಾಲಕ್ಕೆಂದು ಅರ್ಧ ಭಾಗಕ್ಕೆ ತಗಡು ಕಟ್ಟಿದ್ದೇನೆ, ಉಳಿದರ್ಧ ಬೆಳಕಿಗೆ ತೆರೆದೇ ಇದೆ. ಜೂನ್ ಮೊದಲ ಮಳೆಗೆ ಎರಡು ದಬ್ಬೆಗಳಲ್ಲಿ ಬೂಸು ಬಂದು ಮೆತ್ತಗಾದವು, ಅವನ್ನು ಬದಲಿಸಿ, ಉಳಿದವನ್ನು ಬಿಸಿಲು ಕಂಡ ದಿನ ಹೊರಗೆಳೆದು ಒಣಗಿಸುತ್ತಿದ್ದೇನೆ.

ಮೊನ್ನೆ ಕರಿಯಮ್ಮ ಮತ್ತೆ ತುಪ್ಪಳ ಕಿತ್ತು ಗೂಡಿನ ಮೂಲೆಯಲ್ಲಿ ಕೂತಿತು, ಈ ಸಲ ನಮ್ಮ ಕಣ್ಣೆದುರಿಗೇ, ಎರಡು ಮರದ ಮೊಟ್ಟೆಗಳ ಮೇಲೆ. ನಿನ್ನೆ ಬೆಳಗ್ಗೆ ಪಂಜರಕ್ಕೆ ತಂದೆವು. ಇವತ್ತು ಸಂಜೆಯ ಹೊತ್ತಿಗೆ ಎದ್ದು ನಿಂತು ಬಕೆಟ್ಟಿನಲ್ಲಿ ತಲೆ ಅದ್ದುತ್ತಿತ್ತು. ಹಿಕ್ಕೆ ಇನ್ನೂ ದೊಡ್ಡದೇ ಇದೆ, ಆದ್ದರಿಂದ ನಾಳೆಯೂ ಅಲ್ಲಿಯೇ ಇರುತ್ತದೆ.